ಟ್ರಾಮಿನ ಹಿಂದಿನ ಸೀಟಿನ ಕವಿತೆ

ಕವಿ ಲೂಯಿಸ್ ಬೆನೆಟ್ ಅಂದರೆ ಜಮೈಕಾದಲ್ಲಿ ಎಲ್ಲರಿಗೂ ಮಿಸ್ ಲೂ. 1919ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದರು. ಅಪ್ಪ ಬೇಕರಿಯವರು, ಬೇಗ ತೀರಿಕೊಂಡರು. ಅಮ್ಮ ಬಟ್ಟೆ ಹೊಲಿದು ಸಾಕಿದರು.

ಆಗೆಲ್ಲಾ ಕವಿತೆ ಅಂದರೆ ಇಂಗ್ಲೆಂಡಿನವರ ಇಂಗ್ಲಿಷಿನಲ್ಲೇ ಇರಬೇಕು. ಮೊದಮೊದಲು ಅವರೂ ಹಾಗೇ ಬರೆದರು. ಆಮೇಲೊಂದು ದಿನ, ಇನ್ನೂ ಹದಿಹರೆಯ, ಚೆನ್ನಾಗಿ ಡ್ರೆಸ್ ಮಾಡಿಕೊಂಡು ಟ್ರಾಮ್ ಹತ್ತಿದರು. ಹಿಂದಿನ ಸೀಟುಗಳಲ್ಲಿ ಬುಟ್ಟಿ ಇಟ್ಟುಕೊಂಡ ಸಂತೆಯ ಹೆಂಗಸರು. ಅವರಲ್ಲೊಬ್ಬಳು ಕೂಗಿದಳಂತೆ: ಲೈಜಾ, ಅಗಲವಾಗಿ ಕೂತ್ಕೊಳೇ, ಅಲ್ಲೊಬ್ಬಳು ಡ್ರೆಸ್ಸಿನವಳು ನಮ್ಮ ಪಕ್ಕದ ಚೂರು ಜಾಗ ನೋಡಿಬಿಟ್ಟಿದ್ದಾಳೆ, ನುಗ್ಗೋಕೆ ಬರ್ತಾಳೆ! ಆ ಮಾತೇ ಅವರ ಮೊದಲ ಆಡುಮಾತಿನ ಕವಿತೆಯಾಯಿತು. ಬೇರೆ ಯಾರಾದರೂ ಅವಮಾನ ಅಂದುಕೊಂಡು ಇಳಿದು ಹೋಗುತ್ತಿದ್ದರು. ಈ ಹುಡುಗಿ ಅದರ ಲಯ ಹಿಡಿದಳು.

1943ರಿಂದ ಗ್ಲೀನರ್ ಪತ್ರಿಕೆಯಲ್ಲಿ ಅವರ ಪದ್ಯಗಳು ಬರತೊಡಗಿದವು. ಜನ ಮುಗಿಬಿದ್ದು ಓದಿದರು. 1945ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಲಂಡನ್ನಿನ ರಾಡಾ ಅನ್ನುವ ನಾಟಕ ಶಾಲೆಯಲ್ಲಿ ಕಲಿತರು, ಬಿಬಿಸಿಯಲ್ಲಿ ಕಾರ್ಯಕ್ರಮ ಕೊಟ್ಟರು. ಆದರೂ ಊರಿನ ಸಾಹಿತಿಗಳ ಲೆಕ್ಕದಲ್ಲಿ ಅವರು ನಗಿಸುವ ಹೆಂಗಸು ಅಷ್ಟೇ. 1962ರಲ್ಲಿ ಸ್ವಾತಂತ್ರ್ಯ ಬಂದಾಗ ತಂದ ಸಾಹಿತ್ಯ ಸಂಕಲನದಲ್ಲೂ ಅವರನ್ನು ಕವಿಗಳ ಜೊತೆ ಸೇರಿಸದೆ ಕೊನೆಯಲ್ಲಿ 'ಇತರೆ' ಅಂತ ಹಾಕಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಸುಮ್ನೆ ನಗಿಸೋದಾ ಅದು? ಅವರ 'ಬ್ಯಾನ್ಸ್ ಓ ಕಿಲಿಂಗ್' ಕವಿತೆ ಓದಿ. ಆಡುಮಾತನ್ನು ಕೊಂದೇಬಿಡುತ್ತೇನೆ ಅಂದ ಚಾರ್ಲಿ ಅನ್ನುವವನನ್ನು ಅದರಲ್ಲಿ ನಿಲ್ಲಿಸಿ ಕೇಳುತ್ತಾರೆ. ಕೊಲ್ಲು, ಆದರೆ ಎಲ್ಲಾ ಆಡುಮಾತನ್ನೂ ಕೊಲ್ತೀಯಾ, ನಮ್ಮದು ಮಾತ್ರಾನಾ? ಯಾರ್ಕ್‌ಷೈರಿನದು, ಸ್ಕಾಟ್ಲೆಂಡಿನದು, ಲಂಡನ್ನಿನ ಕಾಕ್ನಿ? ನೀನು ಗೌರವ ಕೊಡುವ ಇಂಗ್ಲಿಷೂ ಆಡುಮಾತಿನಿಂದಲೇ ಹುಟ್ಟಿದ್ದಲ್ವಾ? ಹಾಗಾದರೆ ಚಾಸರ್, ಬರ್ನ್ಸ್, ಷೇಕ್ಸ್‌ಪಿಯರ್ ಪುಟಗಳನ್ನೂ ಹರಿದುಹಾಕು. ಕೊನೆಗೆ, ಹುಷಾರು, ಬಾಯಿತಪ್ಪಿ ಆಡುಮಾತಿನವರ ಹಾಗೆ ಒಂದು 'ಹ' ಬಿಟ್ಟರೆ ನಿನ್ನನ್ನೇ ನೀನು ಕೊಂದುಕೊಳ್ಳಬೇಕಾದೀತು ಅನ್ನುತ್ತಾರೆ. ಒಂದೊಂದೇ ದಾರಿ ಮುಚ್ಚುತ್ತಾ ಅವನನ್ನು ಮೂಲೆಗೆ ತಂದು ನಿಲ್ಲಿಸುವ ವಾದ ಇದು. ಹರಟೆಯ ಧಾಟಿಯಲ್ಲಿ ಇಷ್ಟು ಗಟ್ಟಿ ವಾದ ಕಟ್ಟೋದು ಭಾರೀ ಕಷ್ಟ.

1966ರಲ್ಲಿ 'ಜಮೈಕಾ ಲೇಬ್ರಿಶ್' ಸಂಕಲನ ಬಂತು. 1970ರಿಂದ ಟಿವಿಯಲ್ಲಿ 'ರಿಂಗ್ ಡಿಂಗ್' ಶುರುವಾಗಿ ಹನ್ನೆರಡು ವರ್ಷ ನಡೆಯಿತು, ಮಕ್ಕಳು ಅವರ ಜೊತೆ ತಮ್ಮದೇ ಮಾತಿನಲ್ಲಿ ಹಾಡಿ ಕುಣಿದರು. 2006ರಲ್ಲಿ ಟೊರಾಂಟೊದಲ್ಲಿ ತೀರಿಕೊಂಡಾಗ ಊರಿಗೆ ತಂದು ನ್ಯಾಷನಲ್ ಹೀರೋಸ್ ಪಾರ್ಕಿನಲ್ಲಿ ಮಣ್ಣು ಮಾಡಿದರು.

ಬರೀ ಪುಸ್ತಕದಲ್ಲಿ ಓದಿದರೆ ಆ ಆಡುಮಾತಿನ ಕಾಗುಣಿತ ಸ್ವಲ್ಪ ತೊಡಕು ಅನ್ನಿಸಬಹುದು. ಅವರದೇ ದನಿಯ ರೆಕಾರ್ಡಿಂಗ್‌ಗಳು ಸಿಗುತ್ತವೆ, ಮೊದಲು ಅದನ್ನು ಕೇಳಿ.