ಚುಕ್ಕೆ ಮಾಯವಾದ ಮೇಲಿನ 72 ದಿನ

2025ರ ಫೆಬ್ರುವರಿ 8, ಶನಿವಾರ. ಬೆಂಗಳೂರಿನ ಮನೆಯೊಂದರ 300 ಲೀಟರಿನ ಉಪ್ಪುನೀರಿನ ಟ್ಯಾಂಕಿನಲ್ಲಿ ಬೆಳಗ್ಗೆ ಲೈಟು ಹತ್ತಿದಾಗ ಪೌಡರ್ ಬ್ಲೂ ಟ್ಯಾಂಗ್ ಎಂಬ ಮೀನಿನ ಎದೆಯ ರೆಕ್ಕೆಗಳ ಮೇಲೆ ಬಿಳಿ ಚುಕ್ಕೆಗಳು ಕಂಡವು. ಎಡಗಡೆ ಹದಿನಾಲ್ಕು, ಬಲಗಡೆ ಒಂಬತ್ತು. ಮೀನು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ಮೂರು ವಾರದ ಹಿಂದೆ ಕ್ವಾರಂಟೈನ್ ಮಾಡದೆ ಎರಡು ಕ್ರೋಮಿಸ್ ಮೀನುಗಳನ್ನು ನೇರವಾಗಿ ಈ ಟ್ಯಾಂಕಿಗೆ ಬಿಡಲಾಗಿತ್ತು. ರೋಗ ಬಂದ ದಾರಿ ಬೇರೆ ಹುಡುಕಬೇಕಾಗಿರಲಿಲ್ಲ.

ಔಷಧಿ ಬಾಟಲಿಗೆ ಕೈ ಹಾಕುವ ಮೊದಲು ಇದು ಯಾವ ಪರಾವಲಂಬಿ ಎಂದು ತಿಳಿಯಬೇಕು. ರವೆ ಕಾಳು ಅಂಟಿದ ಹಾಗೆ, ಎಣಿಸಬಹುದಾದಷ್ಟು ದೊಡ್ಡ ಚುಕ್ಕೆಗಳಿದ್ದರೆ ಅದು ಬಹುಮಟ್ಟಿಗೆ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್, ಹವ್ಯಾಸಿಗಳ ಮಾತಿನಲ್ಲಿ ಮರೀನ್ ಇಕ್. ಜರಡಿಯಿಂದ ಹಿಟ್ಟು ಉದುರಿಸಿದ ಹಾಗೆ ಎಣಿಸಲಾಗದ ನುಣ್ಣನೆಯ ಧೂಳು ಮೈಮೇಲಿದ್ದು, ಮೀನು ಬೆಳಕಿಗೆ ಹೆದರಿ ಮೂಲೆ ಸೇರಿದ್ದರೆ ಅಥವಾ ಪಂಪಿನ ರಭಸಕ್ಕೆ ಬಾಯಿ ಕೊಟ್ಟು ನಿಂತಿದ್ದರೆ ಅದು ವೆಲ್ವೆಟ್, ಅಂದರೆ ಅಮಿಲೂಡಿನಿಯಂ. ವೆಲ್ವೆಟ್ ಮೊದಲು ಕಿವಿರಿಗೆ ಕೂರುತ್ತದೆ. ಮೈಮೇಲೆ ಧೂಳು ಕಾಣುವ ಹೊತ್ತಿಗೆ ಕೈಯಲ್ಲಿ ಉಳಿದಿರುವುದು ಒಂದೆರಡು ದಿನ, ಕೆಲವೊಮ್ಮೆ ಕೆಲವೇ ಗಂಟೆ. ಕ್ಲೌನ್ ಮೀನಿನ ಮೈಯಿಂದ ಲೋಳೆ ಪದರ ಪದರವಾಗಿ ಕಿತ್ತು ಬರುತ್ತಿದ್ದರೆ ಬ್ರೂಕ್ಲಿನೆಲ್ಲಾ. ಇಕ್ ಮತ್ತು ವೆಲ್ವೆಟ್ಟಿಗೆ ಔಷಧಿಯಾಗಿ ನೀರಿಗೆ ಹಾಕುವ ತಾಮ್ರ ಅದಕ್ಕೆ ಕೆಲಸ ಮಾಡುವುದಿಲ್ಲ, ಫಾರ್ಮಲಿನ್ ಸ್ನಾನವೇ ಬೇಕು. ಕ್ರೋಮಿಸ್ ಮೀನಿನ ಪಕ್ಕೆಯಲ್ಲಿ ಕೆಂಪು ಗಾಯ ಕಂಡರೆ ಯೂರೋನಿಮಾ ಇರಬಹುದೆಂದು ಅನುಮಾನಿಸಬೇಕು. ಅದಕ್ಕೂ ತಾಮ್ರ ನಿರುಪಯೋಗಿ.

ಮೈಕ್ರೋಸ್ಕೋಪ್ ಇದ್ದರೆ ಊಹೆಗೆ ಜಾಗವಿಲ್ಲ. ಕವರ್ ಸ್ಲಿಪ್ಪಿನ ಅಂಚಿನಿಂದ ರೆಕ್ಕೆಯ ಬುಡದ ಲೋಳೆಯನ್ನು ಮೆಲ್ಲಗೆ ಕೆರೆದು, ಟ್ಯಾಂಕಿನದೇ ನೀರಿನ ಒಂದು ಹನಿಯಲ್ಲಿಟ್ಟು 100 ಪಟ್ಟು ಹಿಗ್ಗಿಸಿ ನೋಡಿದರೆ ಇಕ್‌ನ ಜೀವಿ ದುಂಡಗೆ, ಮಬ್ಬಾಗಿ, ನಿಧಾನವಾಗಿ ತನ್ನ ಸುತ್ತಲೇ ತಿರುಗುತ್ತಿರುತ್ತದೆ. ವೆಲ್ವೆಟ್ಟಿನದು ಕಪ್ಪು ಮೊಟ್ಟೆಯಂತೆ ಅಲುಗದೆ ಕೂತಿರುತ್ತದೆ. ಆ ಶನಿವಾರ ಕಂಡದ್ದು ತಿರುಗುವ ಜೀವಿ. ಟ್ಯಾಂಗಿನ ಉಸಿರು ನಿಮಿಷಕ್ಕೆ 100ರ ಆಸುಪಾಸಿನಲ್ಲಿತ್ತು, ಆಹಾರ ಹಾಕಿದರೆ ತಿನ್ನುತ್ತಿತ್ತು. ಹಾಗಾಗಿ ದಿಕ್ಕೆಟ್ಟು ಓಡಾಡುವ ಪರಿಸ್ಥಿತಿ ಇರಲಿಲ್ಲ. ವೆಲ್ವೆಟ್ ಆಗಿದ್ದರೆ ತಾಮ್ರವನ್ನು ಒಂದೇ ದಿನದಲ್ಲಿ ಪೂರ್ತಿ ಮಟ್ಟಕ್ಕೆ ಏರಿಸಬೇಕಾಗುತ್ತಿತ್ತು.

ಇಕ್‌ನ ಬದುಕು ಅರ್ಥವಾಗದೆ ಚಿಕಿತ್ಸೆ ಅರ್ಥವಾಗುವುದಿಲ್ಲ. ಚುಕ್ಕೆಯಾಗಿ ಕಾಣುವ ಜೀವಿ ಚರ್ಮದ ಹೊರಪದರದ ಅಡಿಗೆ ಇಳಿದಿರುತ್ತದೆ. ನೀರಿಗೆ ಹಾಕಿದ ಔಷಧಿ ಅಲ್ಲಿಗೆ ತಲುಪುವುದಿಲ್ಲ. 3ರಿಂದ 7 ದಿನ ತಿಂದು ಬೆಳೆದ ಮೇಲೆ ಅದು, ಸಾಮಾನ್ಯವಾಗಿ ಕತ್ತಲಲ್ಲಿ, ಮೀನನ್ನು ಬಿಟ್ಟು ಕೆಳಗಿಳಿದು ಮರಳಿಗೋ ಕಲ್ಲಿಗೋ ಗಾಜಿಗೋ ಅಂಟಿ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶಕ್ಕೂ ಔಷಧಿ ತಾಗದು. ಒಳಗೆ ಒಂದು ನೂರಾರಾಗುತ್ತದೆ. ಕೆಲವು ಕೋಶಗಳು ಮೂರೇ ದಿನಕ್ಕೆ ಒಡೆದರೆ ಕೆಲವು ವಾರಗಟ್ಟಲೆ ಕಾಯುತ್ತವೆ. ದಾಖಲಾದ ಅತಿ ದೀರ್ಘ ಅವಧಿ 72 ದಿನ. ಒಡೆದು ಹೊರಬಂದ ಮರಿಗಳು ಒಂದೆರಡು ದಿನದೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ತಾಮ್ರ ಕೊಲ್ಲುವುದು ನೀರಲ್ಲಿ ಈಜುತ್ತಿರುವ ಈ ಮರಿಗಳನ್ನು ಮಾತ್ರ. ನಸುಕಿನಲ್ಲಿ ಮೀನುಗಳು ಕಲ್ಲಿನ ಸಂದಿಯಲ್ಲಿ ತಳಕ್ಕೆ ಹತ್ತಿರ ಮಲಗಿರುತ್ತವೆ. ಮರಿಗಳು ಹೊರಬರುವುದೂ ಹೆಚ್ಚಾಗಿ ಕತ್ತಲಿರುವ ಆ ಹೊತ್ತಿನಲ್ಲೇ.

ಇದರಿಂದ ಎರಡು ಕೆಲಸಗಳು ಒಟ್ಟಿಗೇ ಹುಟ್ಟುತ್ತವೆ. ಮೀನುಗಳೆಲ್ಲ, ಚುಕ್ಕೆ ಇಲ್ಲದವೂ ಸೇರಿ, ಬೇರೆ ಟ್ಯಾಂಕಿಗೆ ಹೋಗಿ 30 ದಿನ ತಾಮ್ರದಲ್ಲಿರಬೇಕು. ಮೂಲ ಟ್ಯಾಂಕು, ಆ 72ಕ್ಕೆ ಕೆಲವು ದಿನ ಸೇರಿಸಿ, 76 ದಿನ ಮೀನಿಲ್ಲದೆ ಇರಬೇಕು. ಆ ಟ್ಯಾಂಕಿನಲ್ಲೇ ತಾಮ್ರ ಹಾಕುವಂತಿಲ್ಲ. ಹವಳ, ಸೀಗಡಿ, ಬಸವನಹುಳು ಎಲ್ಲ ಸಾಯುತ್ತವೆ. ಸುಣ್ಣದಂಶದ ಕಲ್ಲು ಮತ್ತು ಮರಳು ತಾಮ್ರವನ್ನು ಹೀರಿಕೊಂಡು ಮಟ್ಟವನ್ನೂ ಕೆಡಿಸುತ್ತವೆ. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಆಹಾರ, ಕ್ಲೀನರ್ ಸೀಗಡಿ, ಯುವಿ ದೀಪ, ಇವುಗಳ ಮೇಲೆ ಭಾರ ಹಾಕಿ ಕೂತು ಕಳೆದುಕೊಂಡ ಟ್ಯಾಂಗುಗಳು ಬಹಳ. ಆಹಾರ ಚೆನ್ನಾಗಿದ್ದರೆ ಮೀನು ಗಟ್ಟಿಯಾಗಿರುತ್ತದೆ, ಅದು ಬೇರೆ ಮಾತು. ಕೋಶಗಳ ಲೆಕ್ಕ ಅದರಿಂದ ಕಡಿಮೆಯಾಗುವುದಿಲ್ಲ.

ಆಸ್ಪತ್ರೆ ಟ್ಯಾಂಕಿಗೆ ಬರಿ ಗಾಜಿನ ತಳ ಸಾಕು. ಮರಳು ಬೇಡ, ಕಲ್ಲು ಬೇಡ. ಅಡಗಿಕೊಳ್ಳಲು ಎರಡು ಮೂರು ಇಂಚಿನ ಪಿವಿಸಿ ಪೈಪಿನ ತುಂಡು ಮತ್ತು ಎಲ್ಬೋ, ಒಂದು ಹೀಟರ್, ಎರಡು ಏರ್‌ಸ್ಟೋನ್, ಮೇಲೆ ಮುಚ್ಚಳ. ಸ್ಪಾಂಜ್ ಫಿಲ್ಟರ್ ಮಾತ್ರ ಹೊಸದಾಗಿರಬಾರದು. ಮೂಲ ಟ್ಯಾಂಕಿನ ಸಂಪ್‌ನಲ್ಲಿ, ಅಂದರೆ ಅದರ ನೀರು ಹರಿದು ಸೋಸಿಹೋಗುವ ತೊಟ್ಟಿಯಲ್ಲಿ, ಕನಿಷ್ಠ ಒಂದು ತಿಂಗಳು ಇದ್ದು ಬ್ಯಾಕ್ಟೀರಿಯಾ ಹಿಡಿದ ಸ್ಪಾಂಜ್ ಬೇಕು. ಕರೆಂಟ್ ಹೋದರೆ ತಾನೇ ಚಾಲೂ ಆಗುವ ಬ್ಯಾಟರಿ ಏರ್ ಪಂಪ್ ಪಕ್ಕದಲ್ಲಿರಲಿ. ಉಪ್ಪುನೀರನ್ನು ಆರ್‌ಓ ನೀರಿನಲ್ಲೇ ಕಲಸಬೇಕು, ಲೀಟರಿಗೆ 36ರಿಂದ 38 ಗ್ರಾಂ ಉಪ್ಪು. ರಿಫ್ರ್ಯಾಕ್ಟೋಮೀಟರಿನಲ್ಲಿ ಮೂಲ ಟ್ಯಾಂಕಿನಷ್ಟೇ ಸಾಂದ್ರತೆ ತೋರಿಸಬೇಕು, ಇಲ್ಲಿ 1.025. ಬೋರ್‌ವೆಲ್ ನೀರಿನ ಗಡಸುತನ ಮತ್ತು ಅದರಲ್ಲಿರುವ ಲೋಹಗಳು ತಾಮ್ರದ ಲೆಕ್ಕಕ್ಕೆ ಸೇರಿಕೊಳ್ಳುವುದು ಯಾರಿಗೂ ಬೇಡ.

ನೀರಿನ ಪ್ರಮಾಣವನ್ನು ಟೇಪಿನಿಂದ ಅಳೆದು ಗುಣಿಸುವುದಕ್ಕಿಂತ ಗುರುತು ಹಾಕಿದ ಬಕೆಟ್ಟಿನಲ್ಲಿ ಎಣಿಸಿ ಸುರಿಯುವುದೇ ಸರಿ. ಅಂಗಡಿಯವರು 90 ಲೀಟರ್ ಎಂದು ಮಾರಿದ ಟ್ಯಾಂಕಿಗೆ ಹಿಡಿದದ್ದು ಹದಿನೈದು ಲೀಟರಿನ ಐದು ಬಕೆಟ್, ಅಂದರೆ 75 ಲೀಟರ್. 90ರ ಲೆಕ್ಕದಲ್ಲಿ ಔಷಧಿ ಹಾಕಿದ್ದರೆ ಐದನೇ ಒಂದು ಭಾಗ ಹೆಚ್ಚಾಗುತ್ತಿತ್ತು.

ಆ ದಿನದ ಅರ್ಧ ಹೊತ್ತು ಹೋದದ್ದು ಮೀನು ಹಿಡಿಯುವುದರಲ್ಲೇ. ಕಲ್ಲಿನ ನಡುವೆ ಬಲೆ ಬೀಸಿ ಟ್ಯಾಂಗನ್ನು ಹಿಡಿಯಲು ಹೋದರೆ ಹವಳ ಮುರಿಯುತ್ತದೆ, ಮೀನು ಬಳಲುತ್ತದೆ. ನೀರನ್ನು ಶುಚಿಯಾದ ಡಬ್ಬಗಳಿಗೆ ಇಳಿಸಿ, ಕಲ್ಲುಗಳನ್ನು ಒಂದೊಂದಾಗಿ ಅದೇ ನೀರಿಗೆ ತೆಗೆದಿಟ್ಟು, ಮೂರನೇ ಒಂದು ಭಾಗ ನೀರು ಉಳಿದಾಗ ಎರಡು ಬಲೆಗಳ ನಡುವೆ ಸಿಕ್ಕಿಸಿದರೆ ಆರೂ ಮೀನು ಹತ್ತು ನಿಮಿಷದ ಕೆಲಸ. ಟ್ಯಾಂಗಿನ ಬಾಲದ ಬುಡದಲ್ಲಿರುವ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ. ಕೊನೆಯಲ್ಲಿ ಬಲೆ ಬದಲು ಪ್ಲಾಸ್ಟಿಕ್ ಡಬ್ಬಿಯಲ್ಲಿ ಎತ್ತುವುದು ಒಳ್ಳೆಯದು.

ಆಸ್ಪತ್ರೆ ಟ್ಯಾಂಕಿಗೆ ಬಿಡುವ ಮೊದಲು ಪ್ರತಿ ಮೀನಿಗೂ ಸಿಹಿನೀರಿನ ಅದ್ದು. ಇದು ಇಕ್‌ಗೆ ಮದ್ದಲ್ಲ, ಚರ್ಮದಡಿಯ ಜೀವಿಗೆ ಸಿಹಿನೀರೂ ತಲುಪದು. ಇದು ಚಪ್ಪಟೆ ಹುಳುಗಳನ್ನು, ಅಂದರೆ ಫ್ಲೂಕ್‌ಗಳನ್ನು, ಪತ್ತೆ ಹಚ್ಚುವ ದಾರಿ. ಕಪ್ಪು ಬಕೆಟ್ಟಿನಲ್ಲಿ ಆರ್‌ಓ ನೀರು, ಒಂದು ಗಂಟೆ ಗಾಳಿ, ಉಷ್ಣತೆ ಟ್ಯಾಂಕಿನದೇ 26 ಡಿಗ್ರಿ. ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಪಿಎಚ್ 8.2ರ ಹತ್ತಿರ ತರಬೇಕು. ಉಷ್ಣತೆ ಮತ್ತು ಪಿಎಚ್ ಹೊಂದದಿದ್ದರೆ ಅದ್ದಿನಿಂದಲೇ ಮೀನು ಸಾಯುತ್ತದೆ. ಐದು ನಿಮಿಷ ಗಡಿಯಾರ ನೋಡಿ ಹಿಡಿಯಬೇಕು. ಮೀನು ಅಡ್ಡ ಮಲಗುವುದುಂಟು, ಅದಕ್ಕೆ ಹೆದರಬೇಕಿಲ್ಲ. ಮುಟ್ಟಿದರೂ ಅಲುಗದಿದ್ದರೆ ಅಥವಾ ಉಸಿರು ತಪ್ಪಿದರೆ ಕೂಡಲೇ ಉಪ್ಪುನೀರಿಗೆ ಬಿಡಬೇಕು. ಕೋರಲ್ ಬ್ಯೂಟಿ ಏಂಜೆಲ್ ಮೀನಿನ ಸರದಿ ಬಂದಾಗ ಮೂರನೇ ನಿಮಿಷಕ್ಕೆ ಬಕೆಟ್ಟಿನ ತಳದಲ್ಲಿ ಬಿಳಿ ಎಳ್ಳಿನಂಥವು ಬಿದ್ದಿದ್ದವು. ಮೈಮೇಲಿರುವಾಗ ಪಾರದರ್ಶಕವಾಗಿದ್ದು ಕಣ್ಣಿಗೆ ಬೀಳದ ಫ್ಲೂಕ್‌ಗಳು ಸಿಹಿನೀರಲ್ಲಿ ಬೆಳ್ಳಗಾಗಿ ಉದುರುತ್ತವೆ. ಕರಾವಳಿಯ ಸಮುದ್ರ ಪಂಜರಗಳಲ್ಲಿ ಮೀನು ಸಾಕುವವರಿಗೂ ಈ ಜಾತಿಯ ಹುಳುಗಳ ಕಾಟ ಹೊಸದಲ್ಲ. ಹೀಗೆ ಒಂದು ರೋಗದ ಜೊತೆ ಇನ್ನೊಂದು ಸಿಕ್ಕಿತು. ತಾಮ್ರ ಫ್ಲೂಕ್‌ಗಳನ್ನು ಮುಟ್ಟುವುದಿಲ್ಲ.

ತಾಮ್ರದಲ್ಲಿ ಎರಡು ಬಗೆ, ಇವೆರಡರ ಅಂಕಿ ಬೆರೆಸಿಕೊಂಡವರ ಮೀನು ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಮೈಲುತುತ್ತದಿಂದ ಮಾಡಿದ ಬಿಡಿ ತಾಮ್ರಕ್ಕೆ ಗುರಿ 0.20 ಪಿಪಿಎಂ, ಅಂದರೆ ಲೀಟರಿಗೆ 0.20 ಮಿಲಿಗ್ರಾಂ. 0.15ಕ್ಕಿಂತ ಕೆಳಗೆ ಕೆಲಸವಿಲ್ಲ, 0.25ರ ಮೇಲೆ ವಿಷ. ಅದು ಬೇಗ ನೀರಿನಿಂದ ಬೇರ್ಪಟ್ಟು ತಳಕ್ಕಿಳಿಯುವುದರಿಂದ ದಿನಕ್ಕೆರಡು ಬಾರಿ ಅಳೆಯಬೇಕು. ಕೀಲೇಟೆಡ್ ತಾಮ್ರದಲ್ಲಿ ಲೋಹ ಬೇರೊಂದು ಅಣುವಿಗೆ ಕಟ್ಟಿಕೊಂಡಿರುತ್ತದೆ, ಮಟ್ಟ ನಿಲ್ಲುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಕೀಲೇಟೆಡ್ ಔಷಧಿಗೆ ಗುರಿ 2.0ರಿಂದ 2.5. ಇನ್ನೂ ಬೇರೆ ಗುರಿ ಇರುವ ಬ್ರ್ಯಾಂಡುಗಳುಂಟು, ಕೈಯಲ್ಲಿರುವ ಬಾಟಲಿಯ ಚೀಟಿಯೇ ಪ್ರಮಾಣ. ಇಲ್ಲಿ ಕೀಲೇಟೆಡ್ ಆರಿಸಿಕೊಂಡದ್ದು ಏಂಜೆಲ್‌ಗಾಗಿ, ಪುಟ್ಟ ಏಂಜೆಲ್‌ಗಳಿಗೆ ತಾಮ್ರ ಸುಲಭವಾಗಿ ಒಗ್ಗದು. ಮೊದಲ ದಿನ 0.75, ಎರಡನೇ ದಿನ 1.5, ಫೆಬ್ರುವರಿ 11ಕ್ಕೆ 2.25.

ಬಣ್ಣ ಹೋಲಿಸಿ ನೋಡುವ ಕಿಟ್ಟಿನಿಂದ 1.5 ಮತ್ತು 2.0ರ ನಡುವಿನ ವ್ಯತ್ಯಾಸ ಹೇಳಲಾಗದು. ಹನ್ನಾ ಕಂಪನಿಯ ಹೈ ರೇಂಜ್ ಕಾಪರ್ ಚೆಕರ್ 5 ಪಿಪಿಎಂವರೆಗೆ ಅಂಕಿಯಲ್ಲೇ ತೋರಿಸುತ್ತದೆ. ಗಾಜಿನ ಬಾಟಲಿಯ ಹೊರಮೈ ಒರೆಸದಿದ್ದರೆ, ಪರೀಕ್ಷೆಗೆ ಹಾಕಿದ ಪುಡಿ ಕರಗದೆ ಉಳಿದರೆ ಅಥವಾ ಗಾಳಿಗುಳ್ಳೆ ನಿಂತರೆ ಅಂಕಿ ಹೆಚ್ಚು ಬರುತ್ತದೆ. ಒಂದೇ ನೀರನ್ನು ಎರಡು ಬಾರಿ ಅಳೆದು ಹೊಂದಿದ ಮೇಲೆಯೇ ನಂಬಬೇಕು.

ನಾಲ್ಕನೇ ದಿನ, ಬುಧವಾರ ಬೆಳಗ್ಗೆ, ಟ್ಯಾಂಗಿನ ಮೈಮೇಲೆ ಒಂದೂ ಚುಕ್ಕೆ ಇರಲಿಲ್ಲ. ವಾಸಿಯಾಯಿತು ಎಂದು ಮೀನುಗಳನ್ನು ವಾಪಸ್ ಬಿಡುವವರು ಬಿಡುವುದು ಇಂಥ ದಿನವೇ. ತಾಮ್ರ ಚುಕ್ಕೆಯನ್ನು ಅಳಿಸಿರಲಿಲ್ಲ. ತಿಂದು ತುಂಬಿದ ಜೀವಿಗಳು ತಮ್ಮ ಹೊತ್ತಿಗೆ ತಾವೇ ಇಳಿದಿದ್ದವು. ಔಷಧಿ ಹಾಕದಿದ್ದರೂ ಅವು ಇಳಿಯುತ್ತಿದ್ದವು, ಒಂದೆರಡು ವಾರಕ್ಕೆ ಹತ್ತು ಪಟ್ಟಾಗಿ ಮರಳುತ್ತಿದ್ದವು.

ಈ ವಾರಗಳಲ್ಲಿ ಮೀನನ್ನು ಕೊಲ್ಲುವುದು ಹೆಚ್ಚಾಗಿ ರೋಗವಲ್ಲ, ಅಮೋನಿಯಾ. ತಾಮ್ರ ಸ್ಪಾಂಜಿನ ಬ್ಯಾಕ್ಟೀರಿಯಾವನ್ನೂ ಸ್ವಲ್ಪ ಕುಗ್ಗಿಸುತ್ತದೆ. ಉಪ್ಪುನೀರಿನ ಪಿಎಚ್‌ನಲ್ಲಿ ಅಮೋನಿಯಾದ ವಿಷ ಸಿಹಿನೀರಿಗಿಂತ ತೀವ್ರ. ದಿನಕ್ಕೆರಡು ಬಾರಿ ಸ್ವಲ್ಪ ಸ್ವಲ್ಪ ಆಹಾರ, ಟ್ಯಾಂಗಿಗೆ ನೋರಿ ಎಂಬ ಒಣ ಸಮುದ್ರಪಾಚಿಯ ಎಲೆ, ಅರ್ಧ ಗಂಟೆಯ ಮೇಲೆ ಉಳಿದದ್ದನ್ನು ಸೈಫನ್‌ನಲ್ಲಿ ಎಳೆದು ಹೊರಹಾಕುವುದು. ಅಮೋನಿಯಾದ ಅಂಕಿ 0.25 ಪಿಪಿಎಂ ಕಂಡರೆ ಅಂದೇ ನೀರು ಬದಲಿಸುವುದು. ಅಮೋನಿಯಾ ಕಟ್ಟುವ ದ್ರಾವಣಗಳನ್ನು ತಾಮ್ರದ ನೀರಿಗೆ ಹಾಕಲೇಬಾರದು. ಅವು ತಾಮ್ರದ ರೂಪವನ್ನೇ ಬದಲಿಸಿ ಇನ್ನಷ್ಟು ವಿಷವಾಗಿಸುತ್ತವೆ.

ಫ್ಲೂಕ್‌ಗೆ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ. 75 ಲೀಟರಿಗೆ ಸುಮಾರು 190 ಮಿಲಿಗ್ರಾಂ ಶುದ್ಧ ಪುಡಿ. ಅದು ನೀರಲ್ಲಿ ಸುಲಭವಾಗಿ ಕರಗದು. ಟ್ಯಾಂಕಿನದೇ ಒಂದು ಲೀಟರ್ ನೀರಿಗೆ ಹಾಕಿ ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ ಸುರಿಯಬೇಕು. ಔಷಧಿ ಮೊಟ್ಟೆಗಳನ್ನು ಕೊಲ್ಲದ ಕಾರಣ ಅವು ಒಡೆದ ಮೇಲೆ, ಹೊಸ ಹುಳು ಮೊಟ್ಟೆ ಇಡುವ ಮೊದಲು ಎರಡನೇ ಸರದಿ ಬೇಕು, ಸುಮಾರು ಏಳು ದಿನಕ್ಕೆ. ಹಾಕಿದ ಮರುದಿನ ನೀರು ಮಬ್ಬಾಗಿ ಆಮ್ಲಜನಕ ಇಳಿಯುವುದುಂಟು, ಆಗ ಗಾಳಿ ಹೆಚ್ಚಿಸಬೇಕು. ಮೀನು ತಿನ್ನುತ್ತಿದ್ದರೆ ತಾಮ್ರ ಇರುವಾಗಲೇ ಇದನ್ನು ಕೊಡಬಹುದು. ಇಲ್ಲಿ ಮೊದಲ ಸರದಿ ಫೆಬ್ರುವರಿ 16, ಎರಡನೆಯದು 23.

ತಪ್ಪು ನಡೆದದ್ದು ಅವುಗಳ ನಡುವೆ. ಎರಡನೇ ಸರದಿಗೆ ಮುನ್ನ, 22ರ ಸಂಜೆ, 30 ಲೀಟರ್ ನೀರು ಬದಲಿಸುವಾಗ ಹೊಸ ನೀರಿಗೆ ತಾಮ್ರ ಸೇರಿಸಿರಲಿಲ್ಲ. ಮರುದಿನ ಬೆಳಗ್ಗೆ ಚೆಕರ್ 1.35 ತೋರಿಸಿತು. ಲೆಕ್ಕ ಸರಿಯೇ ಇತ್ತು: 75ರಲ್ಲಿ 45 ಲೀಟರ್ ಹಳೆಯ ನೀರು, 2.25ರ ಐದರಲ್ಲಿ ಮೂರು ಪಾಲು. ಆವಿಯಾದಷ್ಟಕ್ಕೆ ಬರಿ ಆರ್‌ಓ ನೀರು ಹಾಕಬೇಕು, ತಾಮ್ರ ಆವಿಯಾಗುವುದಿಲ್ಲ. ಆದರೆ ಹೊರತೆಗೆದ ನೀರಿನ ಜಾಗಕ್ಕೆ ಬರುವ ನೀರು ಬಕೆಟ್ಟಿನಲ್ಲೇ 2.25 ತಲುಪಿ ಬರಬೇಕು. ಹನ್ನೆರಡು ಗಂಟೆ ಮಟ್ಟ ಕೆಳಗಿತ್ತು, ಆ ಹನ್ನೆರಡು ಗಂಟೆಯೊಳಗೆ ಒಂದು ಇಡೀ ರಾತ್ರಿ ಇತ್ತು, ಮರಿಗಳು ಹೊರಬರುವ ನಸುಕೂ ಇತ್ತು. ತಾಮ್ರಕ್ಕೆ ಒಗ್ಗಿದ್ದ ಮೀನುಗಳಾದ್ದರಿಂದ ಅಂದೇ ಮಟ್ಟ ಏರಿಸಲಾಯಿತು, 30 ದಿನದ ಎಣಿಕೆ 23ರಿಂದ ಹೊಸದಾಗಿ ಶುರುವಾಯಿತು. ಮಾರ್ಚ್ 25ಕ್ಕೆ ಮುಗಿಯಿತು.

ಹದಿನಾಲ್ಕೇ ದಿನಕ್ಕೆ ಮುಗಿಸುವ ಕ್ರಮವೂ ಉಂಟು. ಮೈಮೇಲಿನ ಜೀವಿ ಏಳು ದಿನದೊಳಗೆ ಇಳಿಯುವುದರಿಂದ ಎರಡು ವಾರ ಮಟ್ಟ ತಪ್ಪದಿದ್ದರೆ ಮೀನು ಶುದ್ಧ. ಗಾಜಿಗಂಟಿದ ಕೋಶ ಮಾತ್ರ ಉಳಿದಿರಬಹುದು, ಆದ್ದರಿಂದ ಮೀನುಗಳನ್ನು ಒಣಗಿದ ಬೇರೆ ಟ್ಯಾಂಕಿಗೆ ಸಾಗಿಸಬೇಕು, ಹಳೆಯದರಿಂದ ಮೂರು ಮೀಟರಿಗಿಂತ ದೂರಕ್ಕೆ. ವೆಲ್ವೆಟ್ ಗಾಳಿಯ ತುಂತುರಿನಲ್ಲಿ ಅಷ್ಟು ದೂರ ಸಾಗಬಲ್ಲದೆಂದು ಪ್ರಯೋಗದಲ್ಲಿ ಕಂಡಿದೆ. ಎರಡನೇ ಟ್ಯಾಂಕು, ಎರಡನೇ ಸ್ಪಾಂಜ್ ಇಲ್ಲದ ಮನೆಯಲ್ಲಿ 30 ದಿನವೇ ಮೇಲು. ಮೂಲ ಟ್ಯಾಂಕು ಹೇಗೂ ಏಪ್ರಿಲ್ 25ರವರೆಗೆ ಕಾಯಬೇಕಿತ್ತು, ಮೀನುಗಳಿಗೆ ಹೋಗಲು ಬೇರೆ ಜಾಗವೂ ಇರಲಿಲ್ಲ.

ಮಾರ್ಚ್ 25ರಿಂದ ಕಾರ್ಬನ್ ಮತ್ತು ನೀರಿನ ಬದಲಾವಣೆಯಿಂದ ತಾಮ್ರ ಸೊನ್ನೆಗಿಳಿಯಿತು. ನಂತರದ ಒಂದು ತಿಂಗಳು ಬರಿ ನೋಡುವ ಕೆಲಸ: ತಿನ್ನುವುದು, ಉಸಿರು, ಉಜ್ಜಿಕೊಳ್ಳುವುದು. ಔಷಧಿ ಇಲ್ಲದ ನೀರಿನಲ್ಲಿ ರೋಗ ಮರಳದಿದ್ದರೆ ಮಾತ್ರ ಚಿಕಿತ್ಸೆ ಫಲಿಸಿದಂತೆ. ಆ ಕಡೆ ಮೂಲ ಟ್ಯಾಂಕಿನ ಸೀಗಡಿಗಳಿಗೆ ಎರಡು ದಿನಕ್ಕೊಮ್ಮೆ ಚಿಟಿಕೆ ಆಹಾರ ಬೀಳುತ್ತಿತ್ತು, ಬ್ಯಾಕ್ಟೀರಿಯಾಕ್ಕೂ ಅದು ಬೇಕು. ಎರಡು ಟ್ಯಾಂಕಿಗೂ ಬೇರೆ ಬೇರೆ ಬಲೆ, ಬಕೆಟ್, ಸೈಫನ್. ಕೈ ತೊಳೆಯುವುದು ಮೂಲ ಟ್ಯಾಂಕಿಗೆ ಹೋಗುವ ಮೊದಲು, ಮೊಣಕೈವರೆಗೆ. ಆ 76 ದಿನದಲ್ಲಿ ಬೇರೆಯವರ ಟ್ಯಾಂಕಿನಿಂದ ಹವಳದ ತುಂಡೊಂದನ್ನು ತಂದಿಟ್ಟರೂ ಎಣಿಕೆ ಮೊದಲಿನಿಂದ.

ಏಪ್ರಿಲ್ 25, ಶುಕ್ರವಾರ ಸಂಜೆ ಲೈಟು ಮಂದವಾದ ಮೇಲೆ ಮೀನುಗಳು ಹಿಂದಿರುಗಿದವು. ಮೊದಲು ಕ್ಲೌನ್ ಜೋಡಿ ಮತ್ತು ಕ್ರೋಮಿಸ್‌ಗಳು, ಆಮೇಲೆ ಏಂಜೆಲ್, ಜಗಳಗಂಟ ಟ್ಯಾಂಗು ಕೊನೆಗೆ. ಆಸ್ಪತ್ರೆ ಟ್ಯಾಂಕಿನ ಒಂದು ಹನಿ ನೀರೂ ಜೊತೆಗೆ ಬರದಂತೆ ಡಬ್ಬಿಯಿಂದ ಕೈಗೆ, ಕೈಯಿಂದ ಟ್ಯಾಂಕಿಗೆ. ಆ ರಾತ್ರಿಯೇ ಆಸ್ಪತ್ರೆ ಟ್ಯಾಂಕು, ಪೈಪು, ಹೀಟರುಗಳನ್ನು ಬ್ಲೀಚ್ ನೀರಿನಲ್ಲಿ ನೆನೆಸಿ, ಮರುದಿನ ತೊಳೆದು, ತಾರಸಿಯ ಬಿಸಿಲಿನಲ್ಲಿ ಒಣಗಲು ಇಡಲಾಯಿತು. ತಾಮ್ರ ಕುಡಿದ ಸ್ಪಾಂಜ್ ಕಸಕ್ಕೆ ಹೋಯಿತು. ಅದರ ಬದಲು ಹೊಸ ಸ್ಪಾಂಜ್ ಒಂದು ಸಂಪ್‌ನಲ್ಲಿ ಬ್ಯಾಕ್ಟೀರಿಯಾ ಹಿಡಿಯಲು ಕೂತಿದೆ, ಮುಂದೆ ಬರುವ ಮೀನಿನ ಕ್ವಾರಂಟೈನಿಗೆ.