ತೂಕ ಇಳಿದ ಆಟಗಾರ

ಮುಂಬಯಿ ಬಳಿಯ ಡೊಂಬಿವ್ಲಿಯ ನಮ್ಮ ಪಕ್ಕದ ಮನೆ ಹುಡುಗನಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು. ನನಗೆ ಆ ಆಟ ಇವತ್ತಿಗೂ ಬರೀ ಗುದ್ದಾಟ. ಆದರೆ ಅವನಿಂದ ಗೊತ್ತಾದ ಅಲನ್ ಪೇಜ್ ತಲೆಯಿಂದ ಹೋಗುತ್ತಿಲ್ಲ. ಮಿನೆಸೋಟ ವೈಕಿಂಗ್ಸ್‌ನ ಡಿಫೆನ್ಸಿವ್ ಟ್ಯಾಕಲ್, ಅಂದರೆ ರಕ್ಷಣಾ ಸಾಲಿನ ನಡುವೆ ನಿಂತು ಎದುರಾಳಿಯನ್ನು ತಡೆಯುವವನು. 1971ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಅತ್ಯಮೂಲ್ಯ ಆಟಗಾರನೆನಿಸಿದ ಮೊದಲ ಡಿಫೆಂಡರ್. ಆಡುತ್ತಲೇ ಓದಿ 1978ರಲ್ಲಿ ಕಾನೂನು ಪದವಿ ಪಡೆದ. ಅದೇ ವರ್ಷ ತಂಡ ಕೈಬಿಟ್ಟಿತು: ದೂರದೋಟದ ಗೀಳಿನಿಂದ ತೂಕ ಇಳಿದಿತ್ತಂತೆ! ಶಿಕಾಗೊ ಬೇರ್ಸ್‌ಗೆ 1981ರ ತನಕ ಆಡಿದ. 1993ರಿಂದ 2015ರವರೆಗೆ ಮಿನೆಸೋಟ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಆ ಪೀಠವೇರಿದ ಮೊದಲ ಕಪ್ಪುವರ್ಣೀಯ.

ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ‘ಬೇರೆ ಮಕ್ಕಳಿಗೇನು ಮಾಡಿದ?’ ಅಂದರು. 1988ರಲ್ಲಿ ವಿದ್ಯಾರ್ಥಿವೇತನದ ಪ್ರತಿಷ್ಠಾನ ಕಟ್ಟಿದ. ಹಣ ಪಡೆದವರು ಚಿಕ್ಕ ಮಕ್ಕಳ ಓದಿಗೆ ನೆರವಾಗಲೇಬೇಕು.