ಸರಿಬಂದ ಅಂಕಿಯನ್ನು ನಾನು ಪರೀಕ್ಷಿಸಲಿಲ್ಲ

ಗಾಳಿ ಸುರಂಗದಲ್ಲಿ ರೆಕ್ಕೆಯ ಮಾದರಿಗಳನ್ನು ನಿಲ್ಲಿಸಿ ಅವುಗಳ ಮೇಲೆ ಬೀಳುವ ಬಲಗಳನ್ನು ಅಳೆಯುವುದು ನನ್ನ ಕೆಲಸ. ಅದರಲ್ಲಿ ಅತ್ಯಂತ ಕಷ್ಟದ್ದು ಡ್ರ್ಯಾಗ್, ಅಂದರೆ ಗಾಳಿ ಮಾದರಿಯನ್ನು ಹಿಂದಕ್ಕೆಳೆಯುವ ಬಲ. ಕಷ್ಟವೇಕೆಂದು ಒಂದು ಲೆಕ್ಕದಿಂದಲೇ ತಿಳಿಯುತ್ತದೆ. ಅಗಲ 30 ಸೆಂಟಿಮೀಟರ್ ಇದ್ದು, ಸುರಂಗದ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ 1 ಮೀಟರ್ ಚಾಚಿರುವ ನುಣುಪಾದ ರೆಕ್ಕೆಯ ಮೇಲೆ ಸೆಕೆಂಡಿಗೆ 30 ಮೀಟರ್ ವೇಗದ ಗಾಳಿ ಹರಿದಾಗ, ರೆಕ್ಕೆ ಗಾಳಿಗೆ ಸಾಧಾರಣ ಓರೆಯಲ್ಲಿದ್ದರೆ ಅದನ್ನು ಮೇಲೆತ್ತುವ ಬಲ ಸುಮಾರು 130 ನ್ಯೂಟನ್ ಇರುತ್ತದೆ, ಹಿಂದಕ್ಕೆಳೆಯುವ ಬಲ ಕೇವಲ 2 ನ್ಯೂಟನ್ ಇರುತ್ತದೆ. ಹದಿಮೂರು ಕಿಲೋ ತೂಕದ ಪಕ್ಕದಲ್ಲಿ ಇನ್ನೂರು ಗ್ರಾಂ ಇಟ್ಟು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಹಾಗೆ. ಆ ಇನ್ನೂರು ಗ್ರಾಮಿನಲ್ಲಿ ಶೇಕಡಾ ಒಂದರಷ್ಟು ನಿಖರತೆ ಬೇಕೆಂದರೆ ಎರಡು ಗ್ರಾಂ ವ್ಯತ್ಯಾಸ ಕಾಣಿಸಬೇಕು. ಗಾಳಿಯ ದಿಕ್ಕನ್ನು ನಾವು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ತಪ್ಪಾಗಿ ತಿಳಿದಿದ್ದರೂ ಸಾಕು, ಮೇಲೆತ್ತುವ ಬಲದ ಒಂದು ತುಣುಕು, ಸುಮಾರು 0.23 ನ್ಯೂಟನ್, ಡ್ರ್ಯಾಗ್‌ನ ಲೆಕ್ಕಕ್ಕೆ ಬಂದು ಸೇರುತ್ತದೆ. ಆದ್ದರಿಂದ ನಮ್ಮ ದಿನದ ಹೆಚ್ಚು ಪಾಲು ಅಳೆಯುವುದರಲ್ಲಿ ಅಲ್ಲ, ಅಳತೆಯನ್ನು ಅನುಮಾನಿಸುವುದರಲ್ಲಿ ಕಳೆಯುತ್ತದೆ. ನಾನು ಹೇಳಹೊರಟಿರುವುದು ಆ ಅನುಮಾನವನ್ನು ಅಸಮವಾಗಿ ಹಂಚಿದ್ದರಿಂದ ಆದ ತಪ್ಪನ್ನು.

ಕೆಲವು ವರ್ಷಗಳ ಹಿಂದೆ ರೆಕ್ಕೆಯ ಮೇಲ್ಮೈ ಒರಟಾದಾಗ ಡ್ರ್ಯಾಗ್ ಎಷ್ಟು ಹೆಚ್ಚುತ್ತದೆಂದು ಅಳೆಯುವ ಕೆಲಸವನ್ನು ನನಗೆ ವಹಿಸಿದ್ದರು. ಹೊಸದನ್ನು ಅಳೆಯುವ ಮೊದಲು ಹಳೆಯದನ್ನು ಮರಳಿ ಪಡೆದು ತೋರಿಸಬೇಕೆಂಬುದು ಈ ಕೆಲಸದ ರೂಢಿ. ಅದರಂತೆ ಮೊದಲು ನುಣುಪು ರೆಕ್ಕೆಯನ್ನು ನಿಲ್ಲಿಸಿ, ಬೇರೊಂದು ಸುರಂಗದಲ್ಲಿ ಹಿಂದೆಯೇ ಅಳೆದು ಪ್ರಕಟಿಸಿದ್ದ ಡ್ರ್ಯಾಗ್‌ನ ರೇಖೆಯೊಂದಿಗೆ ಹೋಲಿಸತೊಡಗಿದೆ. ಗಾಳಿಯ ವೇಗ, ರೆಕ್ಕೆಯ ಅಗಲ ಮತ್ತು ಗಾಳಿಯ ಸ್ನಿಗ್ಧತೆ (ಹರಿವನ್ನು ತಡೆಯುವ ಅಂಟುತನ) ಇವುಗಳನ್ನು ಸೇರಿಸಿ ಲೆಕ್ಕ ಹಾಕುವ ರೇನಾಲ್ಡ್ಸ್ ಸಂಖ್ಯೆ ಎರಡೂ ಕಡೆ ಸುಮಾರು 6 ಲಕ್ಷವೇ ಇದ್ದುದರಿಂದ ಎರಡು ರೇಖೆಗಳು ಒಂದರ ಮೇಲೊಂದು ಕೂರಬೇಕೆಂಬುದು ನನ್ನ ನಿರೀಕ್ಷೆಯಾಗಿತ್ತು. ಹಲವು ರನ್‌ಗಳಲ್ಲಿ, ಅಂದರೆ ಅಳತೆಯ ಸುತ್ತುಗಳಲ್ಲಿ, ಹಾಗೆಯೇ ಕೂತವು. ಇನ್ನು ಕೆಲವು ರನ್‌ಗಳಲ್ಲಿ ಡ್ರ್ಯಾಗ್ ಶೇಕಡಾ ನಾಲ್ಕೈದರಷ್ಟು ಹೆಚ್ಚಾಗಿ ಬಂತು.

ಹೆಚ್ಚು ಬಂದಾಗಲೆಲ್ಲ ನಾನು ಸುರಂಗ ನಿಲ್ಲಿಸಿ ದೋಷ ಹುಡುಕುತ್ತಿದ್ದೆ, ದೋಷ ಸಿಗುತ್ತಲೂ ಇತ್ತು. ಒಮ್ಮೆ ರೆಕ್ಕೆ ಮತ್ತು ಗೋಡೆಯ ನಡುವಿನ ಸಂದಿಗೆ ಅಂಟಿಸಿದ್ದ ಟೇಪು ಮೂಲೆಯಲ್ಲಿ ಎದ್ದಿತ್ತು. ಇನ್ನೊಮ್ಮೆ ಗಾಳಿಯ ವೇಗ ಅಳೆಯುವ ಪಿಟೊ ನಳಿಕೆಯಿಂದ ಬರುವ ರಬ್ಬರ್ ಕೊಳವೆಯಲ್ಲಿ ತೇವ ಸೇರಿತ್ತು. ಮತ್ತೊಮ್ಮೆ ರೆಕ್ಕೆಯ ಮುಂದಿನ ಅಂಚಿನಲ್ಲಿ ಬೆರಳಿನ ಗುರುತಿತ್ತು. ಇವೆಲ್ಲ ಕಲ್ಪಿತ ದೋಷಗಳಲ್ಲ, ನಿಜವಾದವೇ. ಆದರೆ ಇಂಥ ಸಣ್ಣಪುಟ್ಟ ದೋಷಗಳು ಯಾವ ದಿನ ಹುಡುಕಿದರೂ ಸಿಗುತ್ತಿದ್ದವು ಎಂಬ ಯೋಚನೆ ಆಗ ನನಗೆ ಬರಲಿಲ್ಲ. ದೋಷವನ್ನು ಸರಿಪಡಿಸಿ, ಆ ರನ್‌ನ ಎದುರಿಗೆ ಲಾಗ್‌ಬುಕ್ಕಿನಲ್ಲಿ ಕಾರಣ ಬರೆದು, ಮರುದಿನ ಬೆಳಿಗ್ಗೆ ಮತ್ತೆ ಅಳೆಯುತ್ತಿದ್ದೆ. ಅಂಕಿ ಹಳೆಯ ರೇಖೆಯ ಮೇಲೆ ಬಂದು ಕೂರುತ್ತಿತ್ತು. ಟೇಪು ಸರಿಮಾಡಿದ್ದರಿಂದಲೇ ಅಂಕಿ ಸರಿಯಾಯಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೆಂದು ನನಗೆ ಅನ್ನಿಸಲಿಲ್ಲ.

ಆ ಲಾಗ್‌ಬುಕ್ಕನ್ನು ಕಂಪ್ಯೂಟರಿಗೆ ಏರಿಸಲು ಕುಳಿತಿದ್ದ ಕಿರಿಯ ಸಹೋದ್ಯೋಗಿ ಒಂದು ಸಂಜೆ ಬಂದು, "ಸರ್, ನೀವು ಕೈಬಿಟ್ಟ ಒಂಬತ್ತು ರನ್‌ಗಳೂ ಮಧ್ಯಾಹ್ನದ ನಂತರದವು, ಉಳಿಸಿಕೊಂಡವುಗಳಲ್ಲಿ ಮಧ್ಯಾಹ್ನದ್ದು ಒಂದೂ ಇಲ್ಲ" ಎಂದರು. ಟೇಪು ಏಳುವುದಕ್ಕೂ ಬೆರಳು ತಾಗುವುದಕ್ಕೂ ಹೊತ್ತುಗೊತ್ತು ಇರುವುದಿಲ್ಲ. ಒಂಬತ್ತಕ್ಕೆ ಒಂಬತ್ತೂ ಮಧ್ಯಾಹ್ನವೇ ಬಿದ್ದಿದ್ದರೆ ಕಾರಣ ಬೇರೆ ಇರಲೇಬೇಕಿತ್ತು.

ಕಾರಣ ಬ್ಯಾಲೆನ್ಸ್‌ನಲ್ಲಿತ್ತು. ನಾವು ಬ್ಯಾಲೆನ್ಸ್ ಎನ್ನುವುದು ಮಾದರಿಯನ್ನು ಹೊತ್ತು ನಿಂತಿರುವ ಲೋಹದ ಚೌಕಟ್ಟನ್ನು. ಬಲ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್‌ಗಳ ವಿದ್ಯುತ್ ರೋಧ ಆ ಬಾಗುವಿಕೆಗೆ ತಕ್ಕಂತೆ ಬದಲಾಗುತ್ತದೆ. ತೊಡಕೆಂದರೆ ಲೋಹವೂ ಗೇಜೂ ಬಿಸಿಗೆ ಕೂಡ ಸ್ಪಂದಿಸುತ್ತವೆ. ಗಾಳಿ ಸುತ್ತಿ ಸುತ್ತಿ ಬರುವ ಮುಚ್ಚಿದ ಸುರಂಗದಲ್ಲಿ ಫ್ಯಾನಿಗೆ ಕೊಟ್ಟ ಶಕ್ತಿಯೆಲ್ಲ ಕೊನೆಗೆ ಶಾಖವಾಗಿ ಆ ಗಾಳಿಯಲ್ಲೇ ಉಳಿಯುವುದರಿಂದ, ಬೆಳಗಿನ ಮೊದಲ ಮುಕ್ಕಾಲು ಗಂಟೆಯಲ್ಲಿ ಉಷ್ಣಾಂಶ ಹತ್ತು ಡಿಗ್ರಿಯಷ್ಟು ಏರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಕಾದು ಒಂದು ಮಟ್ಟದಲ್ಲಿ ನಿಂತಿರುತ್ತಿತ್ತು. ಮೂರು ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಶೇಕಡಾ ಒಂದರಷ್ಟು ಇಳಿಯುತ್ತದೆಂದು ನಮಗೆ ಗೊತ್ತಿತ್ತು, ಅದಕ್ಕೆ ಲೆಕ್ಕದಲ್ಲಿ ತಿದ್ದುಪಡಿಯೂ ಇತ್ತು. ಆದರೆ ಉಷ್ಣಮಾಪಕ ಇದ್ದದ್ದು ಗಾಳಿಯಲ್ಲಿ, ಬ್ಯಾಲೆನ್ಸ್‌ನ ಮೈಮೇಲೆ ಅಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ತೆಗೆದುಕೊಂಡ ಶೂನ್ಯದ ರೀಡಿಂಗ್, ಅಂದರೆ ಗಾಳಿ ಹರಿಯದಿರುವಾಗ ಬ್ಯಾಲೆನ್ಸ್ ತೋರಿಸುವ ಅಂಕಿ, ರನ್ ಮುಗಿಯುವ ಹೊತ್ತಿಗೆ 0.09 ನ್ಯೂಟನ್‌ನಷ್ಟು ಕೆಳಕ್ಕೆ ಜಾರಿರುತ್ತಿತ್ತು. ಮಧ್ಯಾಹ್ನ ಈ ಜಾರುವಿಕೆ ಅದರ ಹತ್ತನೇ ಒಂದು ಪಾಲೂ ಇರಲಿಲ್ಲ.

ರನ್ ಮುಗಿದೊಡನೆ ಫ್ಯಾನ್ ನಿಲ್ಲಿಸಿ ಶೂನ್ಯವನ್ನು ಇನ್ನೊಮ್ಮೆ ಓದಬೇಕೆಂಬ ನಿಯಮ ನಮ್ಮಲ್ಲಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಮತ್ತು ನಾನು ಓದುತ್ತಲೂ ಇದ್ದೆ. ಯಾವಾಗ ಎಂಬುದನ್ನು ಹೇಳಲು ಈಗಲೂ ಸಂಕೋಚವಾಗುತ್ತದೆ: ಅಂಕಿಯ ಮೇಲೆ ಅನುಮಾನ ಬಂದಾಗ ಮಾತ್ರ. ಅಂಕಿ ಸರಿಯಾಗಿ ಬಂದ ದಿನ ಫ್ಯಾನ್ ನಿಲ್ಲುವವರೆಗೆ ಕಾಯುವುದು ಸಮಯ ಹಾಳು ಎನ್ನಿಸುತ್ತಿತ್ತು. ಅನುಮಾನ ಬರುತ್ತಿದ್ದುದು ಮಧ್ಯಾಹ್ನದ ರನ್‌ಗಳ ಮೇಲೆ, ಅವುಗಳಲ್ಲಿ ಶೂನ್ಯ ಕದಲುತ್ತಿರಲಿಲ್ಲ. ಹೀಗಾಗಿ ಒಂಬತ್ತು ಬಾರಿ ಪರೀಕ್ಷಿಸಿ, ಒಂಬತ್ತು ಬಾರಿಯೂ ಶೂನ್ಯ ಸರಿಯಿರುವುದನ್ನು ಕಂಡು, ಬ್ಯಾಲೆನ್ಸ್‌ನಲ್ಲಿ ದೋಷವಿಲ್ಲವೆಂದು ನಾನೇ ನನ್ನ ಕೈಯಾರೆ ಬರೆದಿಟ್ಟಿದ್ದೆ. ರೋಗವಿಲ್ಲದವರನ್ನಷ್ಟೇ ಪರೀಕ್ಷಿಸಿ ಊರಿನಲ್ಲಿ ರೋಗವೇ ಇಲ್ಲವೆಂದು ವರದಿ ಕೊಟ್ಟಂತಾಗಿತ್ತು.

ಹಾಗಾದರೆ ಸರಿಯಾದದ್ದು ನಾನು ಕೈಬಿಟ್ಟ ಅಂಕಿಗಳೇ? ಅದನ್ನು ಬ್ಯಾಲೆನ್ಸ್‌ನ ಮಾತಿನ ಮೇಲೆ ತೀರ್ಮಾನಿಸುವಂತಿರಲಿಲ್ಲ, ಆದ್ದರಿಂದ ಇನ್ನೊಂದು ವಿಧಾನ ಹಿಡಿದೆವು. ರೆಕ್ಕೆಯನ್ನು ದಾಟಿ ಬಂದ ಗಾಳಿಯಲ್ಲಿ ನಿಧಾನಗೊಂಡ ಒಂದು ತೆಳು ಪಟ್ಟಿ ಉಳಿದಿರುತ್ತದೆ. ಬಾಚಣಿಗೆಯಂತೆ ಸಾಲಾಗಿ ಜೋಡಿಸಿದ ಸಣ್ಣ ನಳಿಕೆಗಳಿಂದ ಆ ಪಟ್ಟಿಯ ಒತ್ತಡವನ್ನು ಓದಿದರೆ ಗಾಳಿ ಎಷ್ಟು ಸಂವೇಗ ಕಳೆದುಕೊಂಡಿದೆ ಎಂದು ತಿಳಿಯುತ್ತದೆ, ಆ ನಷ್ಟವೇ ಡ್ರ್ಯಾಗ್. ಬ್ಯಾಲೆನ್ಸ್ ಕಾದರೂ ತಣಿದರೂ ಈ ಅಳತೆಗೆ ಸಂಬಂಧವಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಯಾವಾಗ ಓದಿದರೂ ಅದು ಕೊಟ್ಟದ್ದು ಮಧ್ಯಾಹ್ನದ ಅಂಕಿಯನ್ನೇ. ಹಳೆಯ ರೇಖೆಯೂ ತಪ್ಪಾಗಿರಲಿಲ್ಲ. ಅದನ್ನು ಅಳೆದ ಸುರಂಗದ ಗಾಳಿ ನಮ್ಮದಕ್ಕಿಂತ ಬಹಳ ಶಾಂತವಾಗಿತ್ತು. ಬಿಸಿ ತಂತಿಯ ಸಲಕರಣೆಯಿಂದ ನಮ್ಮ ಗಾಳಿಯ ಏರಿಳಿತವನ್ನು ಅಳೆದಾಗ, ರೆಕ್ಕೆಯ ಮೇಲೆ ಎಣ್ಣೆ ಸವರಿ ಹರಿವಿನ ಗುರುತುಗಳನ್ನು ನೋಡಿದಾಗ ಸಂಗತಿ ಸ್ಪಷ್ಟವಾಯಿತು: ರೆಕ್ಕೆಗೆ ಅಂಟಿ ಸಾಗುವ ಗಾಳಿಯ ತೆಳು ಪದರ, ಅಂದರೆ ಗಡಿಪದರ, ನಮ್ಮಲ್ಲಿ ಬೇಗನೆ ಪ್ರಕ್ಷುಬ್ಧವಾಗುತ್ತಿತ್ತು, ಪ್ರಕ್ಷುಬ್ಧ ಪದರದ ಉಜ್ಜುವಿಕೆ ಹೆಚ್ಚಾದುದರಿಂದ ಡ್ರ್ಯಾಗ್ ಕೂಡ ಹೆಚ್ಚುತ್ತಿತ್ತು. ಬೆಳಗಿನ ಹೊಂದಾಣಿಕೆ ಎನ್ನುವುದು ಗಾಳಿಯ ಪ್ರಕ್ಷುಬ್ಧತೆ ಏರಿಸಿದ್ದನ್ನು ಬ್ಯಾಲೆನ್ಸ್‌ನ ಜಾರುವಿಕೆ ಇಳಿಸಿದ್ದರಿಂದ ಬಂದ ಹೊಂದಾಣಿಕೆಯಾಗಿತ್ತು.

ಎರಡು ಸುರಂಗಗಳ ನಡುವಿನ ಇಂಥ ಜಗಳ ನೂರು ವರ್ಷಕ್ಕೂ ಹಳೆಯದೆಂದು ನನಗೆ ಗೊತ್ತಿತ್ತು, ಪಾಠವನ್ನೂ ಮಾಡಿದ್ದೆ. 1912ರಲ್ಲಿ ಪ್ಯಾರಿಸಿನಲ್ಲಿ ಗುಸ್ತಾವ್ ಐಫೆಲ್ (ಗೋಪುರ ಕಟ್ಟಿಸಿದವರೇ, ಕೊನೆಯ ದಶಕಗಳನ್ನು ವಾಯುಬಲಶಾಸ್ತ್ರಕ್ಕೆ ಮೀಸಲಿಟ್ಟಿದ್ದರು) ಗೋಲದ ಡ್ರ್ಯಾಗ್ ಅಳೆದಾಗ, ಅದು ಜರ್ಮನಿಯ ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಪ್ರಯೋಗಾಲಯ ಪಡೆದಿದ್ದ ಬೆಲೆಯ ಅರ್ಧಕ್ಕಿಂತಲೂ ಕಡಿಮೆ ಬಂತು. ಸೂತ್ರದಲ್ಲಿ 2ರಿಂದ ಭಾಗಿಸುವ ಕಡೆ ಐಫೆಲ್ ಎಡವಿರಬೇಕೆಂದು ಗಾಟಿಂಗೆನ್‌ನ ಯುವ ಎಂಜಿನಿಯರ್ ಒಬ್ಬರು ಭಾವಿಸಿದರೆಂದು ಹೇಳುತ್ತಾರೆ. ಎಡವಿರಲಿಲ್ಲ. 1914ರಲ್ಲಿ ಪ್ರಾಂಟ್ಲ್ ಗೋಲದ ಮುಂಭಾಗಕ್ಕೆ ತೆಳುವಾದ ತಂತಿಯ ಬಳೆಯೊಂದನ್ನು ತೊಡಿಸಿ ಗಡಿಪದರವನ್ನು ಬೇಕೆಂದೇ ಪ್ರಕ್ಷುಬ್ಧಗೊಳಿಸಿದಾಗ ಗಾಟಿಂಗೆನ್‌ನಲ್ಲೂ ಡ್ರ್ಯಾಗ್ ಕುಸಿಯಿತು. ಪ್ರಕ್ಷುಬ್ಧ ಪದರ ಗೋಲವನ್ನು ಹೆಚ್ಚು ದೂರದವರೆಗೆ ಅಂಟಿಕೊಂಡು ಹೋಗುವುದರಿಂದ ಹಿಂದಿನ ಸುಳಿಯ ಪಟ್ಟಿ ಕಿರಿದಾಗುತ್ತದೆ. ಗೋಲದಲ್ಲಿ ಡ್ರ್ಯಾಗ್ ಇಳಿಸುವ ಕಾರಣವೇ ನುಣುಪು ರೆಕ್ಕೆಯಲ್ಲಿ ಅದನ್ನು ಏರಿಸುತ್ತದೆ ಎಂದು ಕಪ್ಪುಹಲಗೆಯ ಮುಂದೆ ವಿವರಿಸಿದವನೇ ನನ್ನ ಸುರಂಗದಲ್ಲಿ ಅದು ಎದುರಾದಾಗ ಟೇಪಿನ ಮೂಲೆ ಹುಡುಕುತ್ತಿದ್ದೆ.

ನಮ್ಮ ಕ್ಷೇತ್ರದ ಹೊರಗೂ ಇದರ ನೆರಳನ್ನು ಕಾಣಬಹುದು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್ ಎಣ್ಣೆಯ ಹನಿಗಳಿಂದ ಎಲೆಕ್ಟ್ರಾನಿನ ವಿದ್ಯುದಾವೇಶವನ್ನು ಅಳೆದು 1913ರಲ್ಲಿ ಪ್ರಕಟಿಸಿದ ಬೆಲೆ ಇಂದಿನ ಮಾನದಲ್ಲಿ 1.592 × 10⁻¹⁹ ಕೂಲಂಬ್ ಆಗುತ್ತದೆ, ನಿಜವಾದ ಬೆಲೆ 1.602 × 10⁻¹⁹. ಹನಿ ಬೀಳುವ ವೇಗದಿಂದ ಆವೇಶವನ್ನು ಕಂಡುಹಿಡಿಯಲು ಗಾಳಿಯ ಸ್ನಿಗ್ಧತೆ ಗೊತ್ತಿರಬೇಕು, ಅವರು ಬಳಸಿದ ಸ್ನಿಗ್ಧತೆಯ ಬೆಲೆ ಕೊಂಚ ಕಡಿಮೆಯದಾಗಿತ್ತು. ಕ್ಷ-ಕಿರಣಗಳ ಮೂಲಕ ಬಂದ ಅಳತೆಗಳು ಹೊಂದದೆ ಹೋದಾಗಲಷ್ಟೇ, 1930ರ ದಶಕದಲ್ಲಿ, ಗಾಳಿಯ ಸ್ನಿಗ್ಧತೆಯನ್ನು ಗಂಭೀರವಾಗಿ ಮತ್ತೆ ಅಳೆಯಲಾಯಿತು. ಇದಕ್ಕೆ ತದ್ವಿರುದ್ಧವಾದದ್ದು 2011ರ ಒಪೆರಾ ಪ್ರಯೋಗ. ಜಿನೀವಾ ಬಳಿಯಿಂದ ಇಟಲಿಯ ಗ್ರಾನ್ ಸಾಸೊವರೆಗಿನ ಸುಮಾರು 730 ಕಿಲೋಮೀಟರ್ ದಾರಿಯಲ್ಲಿ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ ಕಂಡಾಗ ಯಾರೂ ಸುಮ್ಮನಿರಲಿಲ್ಲ, ಕೆಲವೇ ತಿಂಗಳಲ್ಲಿ ಸರಿಯಾಗಿ ಕೂರದ ಆಪ್ಟಿಕಲ್ ಫೈಬರ್ ಜೋಡಣೆಯೊಂದು ಸಿಕ್ಕಿತು. ಅದೇ ಜೋಡಣೆ ನ್ಯೂಟ್ರಿನೊಗಳನ್ನು ಸರಿಯಾಗಿ ಬೆಳಕಿನ ವೇಗಕ್ಕೆ ತಂದು ನಿಲ್ಲಿಸಿದ್ದರೆ ಅದನ್ನು ಯಾರು ತಿರುಗಿಸಿ ನೋಡುತ್ತಿದ್ದರು ಎಂದು ನಾನು ಆಗಾಗ ಯೋಚಿಸುತ್ತೇನೆ.

ಹವಾಮಾನ ವಿಜ್ಞಾನಿಗಳ ಒಂದು ಕೆಲಸ ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾದದ್ದು. ಹಿಂದೆ ಹಡಗುಗಳಲ್ಲಿ ಬಕೆಟ್ಟಿನಿಂದ ನೀರು ಸೇದಿ ಸಮುದ್ರದ ಮೇಲ್ಮೈಯ ಉಷ್ಣಾಂಶ ಅಳೆಯುತ್ತಿದ್ದರು. ಕ್ಯಾನ್ವಾಸ್ ಬಕೆಟ್ಟಿನ ನೀರು ಆವಿಯಾಗುತ್ತ ತಣಿಯುವುದರಿಂದ ರೀಡಿಂಗ್ ಕಡಿಮೆ ಬರುತ್ತಿತ್ತು, ಎಂಜಿನ್ ಕೋಣೆಗೆ ಎಳೆದುಕೊಂಡ ನೀರಿನಲ್ಲಿ ಹೆಚ್ಚು ಬರುತ್ತಿತ್ತು. 1945ರ ಸುಮಾರಿಗೆ ದಾಖಲೆಯಲ್ಲಿ ಕಾಣುವ ಸುಮಾರು 0.3 ಡಿಗ್ರಿಯ ಹಠಾತ್ ಇಳಿಕೆ ಸಮುದ್ರ ತಣಿದದ್ದಲ್ಲ, ಯುದ್ಧ ಮುಗಿದ ಮೇಲೆ ಅಳತೆ ಕೊಡುವ ಹಡಗುಗಳು ಬದಲಾದದ್ದು ಎಂದು 2008ರಲ್ಲಿ ತೋರಿಸಲಾಯಿತು. ಗಮನಿಸಬೇಕಾದ ಸಂಗತಿ ಬಕೆಟ್ ತಿದ್ದುಪಡಿಯದು. ಅದು ಹಳೆಯ ಕಾಲದ ಸಮುದ್ರವನ್ನು ಬೆಚ್ಚಗೆ ಮಾಡುತ್ತದೆ, ಆದ್ದರಿಂದ ಶತಮಾನದುದ್ದದ ತಾಪಮಾನ ಏರಿಕೆ ಕಚ್ಚಾ ದಾಖಲೆಯಲ್ಲಿ ಕಾಣುವುದಕ್ಕಿಂತ ಕಡಿಮೆಯಾಗುತ್ತದೆ. ತಮ್ಮ ತೀರ್ಮಾನವನ್ನು ಮೆತ್ತಗಾಗಿಸುವ ದೋಷವನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಹುಡುಕಿದ್ದರು. ನನ್ನ ಲಾಗ್‌ಬುಕ್ಕಿನಲ್ಲಿ ಇರದಿದ್ದುದು ಅದೇ.

ಈಗ ನಮ್ಮ ಸುರಂಗದಲ್ಲಿ ಕೆಲಸದ ಕ್ರಮ ಬೇರೆಯಾಗಿದೆ. ಪ್ರತಿ ರನ್‌ನ ಮೊದಲೂ ಕೊನೆಗೂ ಶೂನ್ಯ ಓದಲೇಬೇಕು, ಅಂಕಿ ಹೇಗೇ ಬಂದಿರಲಿ. ಬ್ಯಾಲೆನ್ಸ್‌ಗೆ ಉಷ್ಣಮಾಪಕ ಅಂಟಿಸಿದ್ದೇವೆ. ಓರೆಯ ಕೋನಗಳನ್ನು ಏರುಕ್ರಮದಲ್ಲಿ ಅಲ್ಲದೆ ಚೀಟಿ ಎತ್ತಿದಂತೆ ಅಡ್ಡಾದಿಡ್ಡಿಯಾಗಿ ಅಳೆಯುತ್ತೇವೆ, ಇಲ್ಲದಿದ್ದರೆ ಗಂಟೆ ಕಳೆದಂತೆ ಏರುವ ಬಿಸಿ ಕೋನದೊಂದಿಗೆ ಏರುವ ಡ್ರ್ಯಾಗ್‌ನ ವೇಷದಲ್ಲಿ ಬಂದು ಕೂರುತ್ತದೆ. ಇನ್ನೊಂದು ಪದ್ಧತಿಯನ್ನು ಕಣಭೌತವಿಜ್ಞಾನಿಗಳಿಂದ ಕಡ ತಂದಿದ್ದೇವೆ. ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಮ್ಯೂಯಾನ್ ಕಣದ ಕಾಂತತ್ವವನ್ನು ಅಳೆದ ತಂಡ, ಗಡಿಯಾರದ ಆವರ್ತನವನ್ನು ತನಗೇ ಗೊತ್ತಾಗದಂತೆ ಹೊರಗಿನವರಿಂದ ಕೊಂಚ ಬದಲಾಯಿಸಿಟ್ಟು, ವಿಶ್ಲೇಷಣೆಯೆಲ್ಲ ಮುಗಿದ ಮೇಲೆ, 2021ರ ಫೆಬ್ರವರಿಯಲ್ಲಿ, ಆ ಗುಟ್ಟನ್ನು ತೆರೆಯಿತು. ನಮ್ಮದು ಅದರ ಬಡ ರೂಪ: ಪ್ರಯೋಗದಲ್ಲಿ ಪಾಲಿಲ್ಲದ ಸಹೋದ್ಯೋಗಿಯೊಬ್ಬರು ಡ್ರ್ಯಾಗ್‌ನ ಲೆಕ್ಕಕ್ಕೆ ಒಂದು ಗುಪ್ತ ಸಂಖ್ಯೆಯನ್ನು ಸೇರಿಸುತ್ತಾರೆ, ಯಾವ ರನ್ ಉಳಿಯಬೇಕು, ಯಾವುದು ಹೋಗಬೇಕು ಎಂದು ಬರೆದು ಸಹಿ ಮಾಡುವವರೆಗೆ ಅದನ್ನು ಹೇಳುವುದಿಲ್ಲ. ಇದಕ್ಕೂ ಕೊರತೆಗಳಿವೆ. ಟೇಪು ಪೂರ್ತಿ ಕಿತ್ತುಹೋದಂಥ ದೊಡ್ಡ ಎಡವಟ್ಟು ಕೂಡ ಕೆಲವೊಮ್ಮೆ ಈ ಮುಸುಕಿನ ಹಿಂದೆ ತಡವಾಗಿ ಗೊತ್ತಾಗುತ್ತದೆ, ಸುರಂಗದ ಸಮಯ ವ್ಯರ್ಥವಾಗುತ್ತದೆ. ಆದ್ದರಿಂದ ಗುಪ್ತ ಸಂಖ್ಯೆ ಶೇಕಡಾ ಆರನ್ನು ಮೀರಬಾರದೆಂದು ನಿಗದಿ ಮಾಡಿಕೊಂಡಿದ್ದೇವೆ.

ಈಚಿನ ಒಂದು ಸರಣಿಯಲ್ಲಿ ಗುಪ್ತ ಸಂಖ್ಯೆಯ ಲಕೋಟೆ ತೆರೆದಾಗ ಫಲಿತಾಂಶ ಕಂಪ್ಯೂಟರ್ ಲೆಕ್ಕಕ್ಕಿಂತ ಶೇಕಡಾ ಮೂರರಷ್ಟು ಹೆಚ್ಚಿತ್ತು. ಅಂದು ಲಾಗ್‌ಬುಕ್ ಓದಿದ್ದ ಅದೇ ಸಹೋದ್ಯೋಗಿ ಎದ್ದು ನಿಂತು, "ಈಗ ಟೇಪು ನೋಡಿಬರಲೇ, ಸರ್?" ಎಂದು ಕೇಳಿದರು, ಮುಖದಲ್ಲಿ ನಗುವಿತ್ತು. ಟೇಪನ್ನು ಲಕೋಟೆ ತೆರೆಯುವ ಮೊದಲೇ, ಎಲ್ಲ ರನ್‌ಗಳಿಗೂ, ನೋಡಿಯಾಗಿತ್ತು. ನಾವು ಅಂಕಿಯನ್ನು ಇದ್ದಂತೆಯೇ ಬರೆದು, ಬಾಚಣಿಗೆ ನಳಿಕೆಗಳನ್ನು ಜೋಡಿಸಲು ಸುರಂಗದೊಳಗೆ ಇಳಿದೆವು.